ಅಡ್ವಾನ್ಸು ಕೂಡ ಬಾಡಿಗೆಯೇ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯ ರೈತನ ಕೈಗೆ ಒಟ್ಟಾಗಿ ದುಡ್ಡು ಬರುವುದು ರೇಷ್ಮೆಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ದಿನ. ಚಾಕಿಯಿಂದ ಹಿಡಿದು ಹುಳ ಹಣ್ಣಾಗಿ ಚಂದ್ರಿಕೆಗೆ ಹತ್ತುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು ಮನೆಮಂದಿಗೆಲ್ಲ ನಿದ್ದೆಯಿಲ್ಲ. ಗೂಡು ಒಳ್ಳೆಯ ರೇಟಿಗೆ ಹೋದರೆ ಸರಿ, ಹುಳಕ್ಕೆ ರೋಗ ಬಂದರೆ ಆ ಬೆಳೆ ಕೈಬಿಟ್ಟಂತೆ. ನಡುವೆ ಮನೆ ಸಾಗುವುದು ಡೈರಿಯ ಬಟವಾಡೆಯಲ್ಲಿ. ಆದರೆ ಕಾಲೇಜಿಗೆ ಹೋದ ಮಗನ ರೂಮಿನ ಬಾಡಿಗೆ ಗೂಡಿಗೂ ಕಾಯುವುದಿಲ್ಲ, ಬಟವಾಡೆಗೂ ಕಾಯುವುದಿಲ್ಲ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಅದು ಹೋಗಲೇಬೇಕು. ಬಾಡಿಗೆಗಿಂತ ಮೊದಲು ಅಡ್ವಾನ್ಸು ಹೋಗಬೇಕು. ಜೂನ್ ಬಂತೆಂದರೆ ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಒಂದು ಇಡೀ ಬೆಳೆಯ ದುಡ್ಡು ಯಾರದೋ ಮನೆಯ ಅಡ್ವಾನ್ಸಾಗಿ ಹೋಗುತ್ತದೆ. ಹಾಗೆ ಕೊಟ್ಟ ದುಡ್ಡು ಏನು, ಅದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳಬೇಕು, ವಾಪಸ್ ಪಡೆಯುವುದು ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ದಿನಾ ಊರಿಂದಲೇ ಹೋಗಿಬರಬಹುದಲ್ಲ, ರೂಮು ಯಾಕೆ ಎಂದು ಕೇಳುವವರಿದ್ದಾರೆ. ಬಸ್ಸಿದೆ ನಿಜ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆಯಲ್ಲಿ ಟಿಕೆಟ್ಟೂ ಇಲ್ಲ, ಹುಡುಗರಿಗೆ ರಿಯಾಯಿತಿ ಪಾಸಿದೆ. ಆದರೆ ಕೋಡಿಹಳ್ಳಿ ಹೋಬಳಿ ಎಲ್ಲಿದೆ ಎಂದು ಒಮ್ಮೆ ನೋಡಬೇಕು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವನ್ಯಜೀವಿ ವಲಯದ ಹೆಸರೇ ಕೋಡಿಹಳ್ಳಿ ವಲಯ. ಕಾಡಂಚಿನ ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಆನೆ ರಸ್ತೆಗಿಳಿಯುವುದು ಹೊಸ ಸುದ್ದಿಯಲ್ಲ. ಸಂಜೆಯ ಲ್ಯಾಬ್ ಮುಗಿಸಿ, ಕನಕಪುರದಲ್ಲಿ ಬಸ್ಸಿಗೆ ಕಾದು, ಹೋಬಳಿ ಕೇಂದ್ರದಲ್ಲಿ ಇಳಿದು, ಅಲ್ಲಿಂದ ಹೊಲದ ದಾರಿಯಲ್ಲಿ ನಡೆಯಬೇಕಾದ ಹುಡುಗಿಗೆ ರೂಮು ಶೋಕಿಯಲ್ಲ. ಬಸ್ಸು ಪುಕ್ಕಟೆ ಅನ್ನುವುದನ್ನೇ ಕಾರಣ ಮಾಡಿ ಮಗನಿಗೆ ರೂಮು, ಮಗಳಿಗೆ ದಿನಾ ಓಡಾಟ ಎಂದು ತೀರ್ಮಾನಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಟಿಕೆಟ್ಟಿನ ದುಡ್ಡು ಉಳಿಯುತ್ತದೆ, ಓದುವ ಹೊತ್ತು ಉಳಿಯುವುದಿಲ್ಲ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದವಳು ಮನೆಗೆ ಬಂದು ಸೊಪ್ಪು ಕುಯ್ಯಲಿಕ್ಕೂ ಹೋಗಬೇಕು. ಕಡೇಪಕ್ಷ ಪರೀಕ್ಷೆಯ ಎರಡು ತಿಂಗಳಾದರೂ ಆಕೆಗೆ ಕಾಲೇಜಿನ ಹತ್ತಿರ ಒಂದು ಹಾಸಿಗೆ ಬೇಕು.

ಹೀಗೆ ಹೊರಟವರು ಸೇರುವ ಕಡೆಗಳು ನಾಲ್ಕೈದು. ಹತ್ತಿರದ್ದು ಕನಕಪುರ. ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿಯ ಕಾಲೇಜುಗಳಿಂದಾಗಿಯೇ ಈ ಪಟ್ಟಣ ಸುತ್ತಲಿನ ಹಳ್ಳಿಗಳಿಗೆ ಓದಿನ ಊರಾಯಿತು. ಬೆಂಗಳೂರಿನ ದಾರಿ ಹಿಡಿದರೆ ಹಾರೋಹಳ್ಳಿ ಬಳಿ ದಯಾನಂದ ಸಾಗರ್ ವಿಶ್ವವಿದ್ಯಾಲಯ, ಜಕ್ಕಸಂದ್ರದಲ್ಲಿ ಜೈನ್ ಕ್ಯಾಂಪಸ್ಸು. ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವೂ ಇರುವುದರಿಂದ ಅಲ್ಲಿ ರೂಮು ಹುಡುಕುವ ವಿದ್ಯಾರ್ಥಿಗೆ ಎದುರಾಗಿ ಫ್ಯಾಕ್ಟರಿ ಕೆಲಸದವರೂ ನಿಂತಿರುತ್ತಾರೆ. ಇನ್ನೂ ಮುಂದೆ ಹೋದವರು ಕುಮಾರಸ್ವಾಮಿ ಲೇಔಟ್, ಬನಶಂಕರಿ, ಜ್ಞಾನಭಾರತಿಯ ಸುತ್ತಮುತ್ತ ಸೇರುತ್ತಾರೆ. ಡಿಗ್ರಿ ಮುಗಿಸಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರು ವಿಜಯನಗರ, ಚಂದ್ರಾ ಲೇಔಟಿನ ಕೋಚಿಂಗ್ ಬೀದಿಗಳಿಗೆ ಹೋಗುತ್ತಾರೆ. 2021ರ ಜನವರಿಯಲ್ಲಿ ಹಸಿರು ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂದಾಗ ಕನಕಪುರ ರಸ್ತೆಯವರಿಗೆ ಬೆಂಗಳೂರು ಹತ್ತಿರವಾಯಿತು ಅನ್ನಿಸಿತ್ತು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಏರಿದ ಮೇಲೆ ಬಸ್ಸು, ಮೆಟ್ರೊ, ಮತ್ತೆ ಬಸ್ಸು ಎಂದು ದಿನಾ ಓಡಾಡುವ ಲೆಕ್ಕ ಮತ್ತೆ ರೂಮಿನ ಕಡೆಗೇ ವಾಲಿದೆ.

ಈಗ ಅಡ್ವಾನ್ಸಿನ ವಿಷಯ. ಒಂದು ಭಾನುವಾರ ಬೆಳಗ್ಗೆ ಟು-ಲೆಟ್ ಬೋರ್ಡ್ ನೋಡಿಕೊಂಡು ಅಪ್ಪ-ಮಗ ಗೇಟಿನ ಮುಂದೆ ನಿಂತಿದ್ದನ್ನು ಪಕ್ಕದಲ್ಲೇ ಇದ್ದು ಕೇಳಿದ್ದೇನೆ.

“ಎಷ್ಟ್ ಜನ ಇರ್ತೀರಾ ಯಜಮಾನ್ರೇ?”

“ಮೂರ್ ಹುಡುಗ್ರು ಕಣಮ್ಮ. ನಮ್ ಊರವ್ರೇ.”

“ಬಾಡಿಗೆ ಆರ್ ಸಾವ್ರ. ಅರವತ್ ಸಾವ್ರ ಅಡ್ವಾನ್ಸು. ಅದೇನ್ ಎಲ್ಲೂ ಹೋಗಲ್ಲ ಬಿಡಿ, ಖಾಲಿ ಮಾಡೋವಾಗ ಕೊಟ್ಬಿಡ್ತೀವಿ.”

ಎಲ್ಲೂ ಹೋಗಲ್ಲ ಅನ್ನುವ ಮಾತನ್ನು ಅಪ್ಪ ನಂಬಿದ. ನಂಬದೆ ಬೇರೆ ದಾರಿಯೂ ಇರಲಿಲ್ಲ. ಆದರೆ ಆ ಅರವತ್ತು ಸಾವಿರ ಬಂದದ್ದು ಎಲ್ಲಿಂದ? ಊರಿನ ಲೆಕ್ಕದಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದರೆ ತಿಂಗಳಿಗೆ 1,200 ರೂಪಾಯಿ ಬಡ್ಡಿಯೇ ಆಯಿತು. ಅಂದರೆ ಬಾಡಿಗೆ 6,000 ಅಲ್ಲ, 7,200. ಮೂರು ವರ್ಷದ ಡಿಗ್ರಿಗೆ ಬರೀ ಬಡ್ಡಿ 43,200 ರೂಪಾಯಿ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಬಣ್ಣಕ್ಕೆಂದು ಇನ್ನೊಂದು ತಿಂಗಳದ್ದು ಸೇರಿಸಿದರೆ ಮೂರು ವರ್ಷಕ್ಕೆ 2,71,200. ತಿಂಗಳಿಗೆ ಹಂಚಿದರೆ 7,500 ದಾಟುತ್ತದೆ. ಅದೇ ಮನೆಗೆ ಎರಡು ತಿಂಗಳ ಅಡ್ವಾನ್ಸು ಮಾತ್ರ ಕೇಳಿದ್ದರೆ ತಿಂಗಳ ಲೆಕ್ಕ 6,600ರ ಒಳಗೇ ನಿಲ್ಲುತ್ತಿತ್ತು. ಸಾಲ ಮಾಡದೆ ಸ್ವಂತ ದುಡ್ಡು ಕೊಟ್ಟರೂ ನಷ್ಟ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆ ದುಡ್ಡಿನಲ್ಲಿ ಒಂದು ಹಸು ತರಬಹುದಿತ್ತು, ಹುಳದ ಮನೆಗೆ ಶೀಟು ಹಾಕಿಸಬಹುದಿತ್ತು. ಹಾಗಾಗಿ ಮನೆ ನೋಡಲು ಹೋದಾಗ ಬಾಡಿಗೆಯನ್ನಷ್ಟೇ ಹೋಲಿಸಬೇಡಿ. ಬಾಡಿಗೆ 500 ರೂಪಾಯಿ ಹೆಚ್ಚಿದ್ದು ಅಡ್ವಾನ್ಸು ಅರ್ಧ ಇರುವ ಮನೆಯೇ ಎಷ್ಟೋ ಸಲ ಅಗ್ಗ.

ಮಾಲೀಕರ ಕಡೆಯಿಂದಲೂ ನೋಡಬೇಕು. ವಿದ್ಯಾರ್ಥಿಗಳು ತುಂಬಿದ ಬೀದಿಯಲ್ಲಿ ಮನೆ ಬಾಡಿಗೆಗೆ ಕೊಡುವವರೆಲ್ಲ ಸಾಹುಕಾರರಲ್ಲ. ರಿಟೈರಾದ ಮೇಷ್ಟ್ರು ಪಿಂಚಣಿ ದುಡ್ಡಿನಲ್ಲಿ ಎತ್ತಿದ ಮೊದಲ ಮಹಡಿ, ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಹಿತ್ತಿಲಲ್ಲಿ ಹಾಕಿಸಿದ ಎರಡು ಶೀಟ್ ಮನೆ, ಇವೇ ಹೆಚ್ಚು. ಪರೀಕ್ಷೆ ಮುಗಿದ ಮಾರನೇ ದಿನ ಹುಡುಗರು ಹೇಳದೆ ಕೇಳದೆ ಗಂಟುಮೂಟೆ ಕಟ್ಟುತ್ತಾರೆ, ಕರೆಂಟ್ ಬಿಲ್ಲು ಬಾಕಿ ಬಿಡುತ್ತಾರೆ, ಎರಡು ತಿಂಗಳು ಮನೆ ಖಾಲಿ ಬೀಳುತ್ತದೆ. ಬಾಡಿಗೆ ಕೊಡದೆ ಕೂತವರನ್ನು ಬಿಡಿಸಲು ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆಯಬೇಕು. ಆ ಭಯಕ್ಕೆ ಅವರು ಕಂಡುಕೊಂಡ ಭದ್ರತೆಯೇ ಹತ್ತು ತಿಂಗಳ ಅಡ್ವಾನ್ಸು. ಭಯ ನಿಜ. ಆದರೆ ಆ ಭಯದ ಪೂರಾ ಬೆಲೆಯನ್ನು ಹಿಪ್ಪುನೇರಳೆ ಬೆಳೆಯುವವನೊಬ್ಬನೇ ತೆರುವುದು ಸರಿಯಲ್ಲ ಎಂಬುದು ನನ್ನ ಮಾತು.

ಕಾನೂನು ಏನನ್ನುತ್ತದೆ? ಕರ್ನಾಟಕ ಬಾಡಿಗೆ ಕಾಯ್ದೆ ಎಂದು 1999ರ ಒಂದು ಕಾಯ್ದೆ ಇದೆ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ರೂಮು ಸಿಗುವುದೇ ಅಪರೂಪವಾದ್ದರಿಂದ ವಿದ್ಯಾರ್ಥಿಗಳ ಪಾಲಿಗೆ ಆ ಕಾಯ್ದೆ ಹೆಚ್ಚುಕಡಿಮೆ ಇಲ್ಲದಂತೆಯೇ. ಆಗ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕಿದ ಕರಾರು ಪತ್ರ. ಅಡ್ವಾನ್ಸು ಇಷ್ಟೇ ಇರಬೇಕೆಂದು ಆ ಹಳೆಯ ಕಾಯ್ದೆ ಹೇಳುವುದಿಲ್ಲ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಅದರಂತೆ ತನ್ನದೇ ಕಾನೂನು ಮಾಡಿದರಷ್ಟೇ ಬೀದಿಯಲ್ಲಿ ನಡೆಯುತ್ತದೆ. ಆದ್ದರಿಂದ ಸದ್ಯಕ್ಕೆ ನಿಮ್ಮನ್ನು ಕಾಯುವುದು ಕರಾರು ಪತ್ರದಲ್ಲಿರುವ ಸಾಲುಗಳೇ.

ಆ ಪತ್ರವನ್ನು ಹನ್ನೊಂದು ತಿಂಗಳಿಗೇ ಬರೆಯುವುದೇಕೆ ಎಂದು ಬಹಳ ಜನ ಕೇಳುತ್ತಾರೆ. ಒಂದು ವರ್ಷ ಮೀರುವ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ತಪ್ಪೇನಿಲ್ಲ. ಆದರೆ ಅವಧಿ ಮುಗಿದ ಮೇಲೆ ಹೊಸ ಪತ್ರ ಮಾಡಿಕೊಳ್ಳದೆ ಬಾಯಿಮಾತಲ್ಲೇ ಮುಂದುವರಿಯುವುದು ನಮ್ಮ ರೂಢಿ. ಆಗ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅನ್ನಿಸಿಕೊಂಡು, ಬೇರೆ ಒಪ್ಪಂದ ಇಲ್ಲದಿದ್ದರೆ ಯಾರೇ ಆಗಲಿ 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಸೆಮಿಸ್ಟರ್ ಪರೀಕ್ಷೆಯ ನಡುವೆ ಹದಿನೈದು ದಿನದಲ್ಲಿ ಮನೆ ಹುಡುಕುವ ಪಾಡು ಯಾರಿಗೂ ಬೇಡ. ಎರಡು ತಿಂಗಳ ನೋಟಿಸ್ ಎಂದು ಬರೆಸಿಕೊಳ್ಳಿ.

ಇನ್ನೊಂದು ವಿಷಯವನ್ನು ಅಪ್ಪಂದಿರಿಗೇ ಹೇಳಬೇಕು. ಪಿಯುಸಿ ಓದುವ ಹುಡುಗನಿಗೆ ಹದಿನೆಂಟು ತುಂಬಿರುವುದಿಲ್ಲ, ಅವನು ಹಾಕಿದ ಸಹಿ ಕಾನೂನಿನ ಕಣ್ಣಿಗೆ ಕರಾರೇ ಅಲ್ಲ. ಪತ್ರಕ್ಕೆ ನೀವೇ ಸಹಿ ಹಾಕಿ, ಅಡ್ವಾನ್ಸನ್ನು ನಿಮ್ಮ ಖಾತೆಯಿಂದಲೇ ಕಳಿಸಿ. ನೋಟಿನ ಕಟ್ಟು ಕೈಗೆ ಕೊಡಲೇಬೇಕಾದರೆ ಅಲ್ಲೇ ರಸೀದಿ ಬರೆಸಿಕೊಳ್ಳಿ. ಮೂವರು ಹುಡುಗರು ಸೇರಿ ಮನೆ ಹಿಡಿದಾಗ ಪತ್ರದಲ್ಲಿ ಒಬ್ಬನ ಹೆಸರು ಮಾತ್ರ ಇರುತ್ತದೆ. ಉಳಿದಿಬ್ಬರ ಇಪ್ಪತ್ತಿಪ್ಪತ್ತು ಸಾವಿರಕ್ಕೆ ದಿಕ್ಕು ಯಾರು? ನಡುವೆ ಒಬ್ಬ ಕಾಲೇಜು ಬಿಟ್ಟರೆ ಅವನ ಪಾಲನ್ನು ಹೊಸದಾಗಿ ಬಂದವನು ಕೊಡಬೇಕೋ, ಮಾಲೀಕರು ಕೊಡಬೇಕೋ? ಒಂದೇ ಊರಿನವರು, ಸಂಬಂಧಿಕರು ಎಂದು ಯಾರೂ ಇದನ್ನು ಬರೆದಿಡುವುದಿಲ್ಲ. ಆಮೇಲೆ ಊರ ಹಬ್ಬದಲ್ಲಿ ಎರಡು ಮನೆಯವರು ಮುಖ ತಿರುಗಿಸಿಕೊಂಡು ಓಡಾಡುತ್ತಾರೆ. ಒಂದು ಬಿಳಿ ಹಾಳೆಯಲ್ಲಿ ಮೂವರ ಪಾಲು ಬರೆದು ಮೂವರೂ ಸಹಿ ಹಾಕಿಕೊಂಡರೆ ಸಾಕು.

ನಾನು ಓದುವಾಗ ಹಿಡಿದ ಮೊದಲ ರೂಮು ಬಿಟ್ಟ ದಿನ ಇನ್ನೂ ನೆನಪಿದೆ. ಬಣ್ಣಕ್ಕಿಷ್ಟು, ನಲ್ಲಿ ತಿರುಪಿಗಿಷ್ಟು, ಸಂಪಿನ ಮೋಟಾರು ರಿಪೇರಿಗೆ ಇಷ್ಟು ಎಂದು ಮುರಿದುಕೊಂಡು ಮಾಲೀಕರು ಅರ್ಧ ದುಡ್ಡು ಎಣಿಸಿದರು. ಮೋಟಾರು ನಾವು ಬರುವ ಮೊದಲೇ ಕೆಟ್ಟಿತ್ತು ಎಂದೆ. ಇದಕ್ಕೇನು ಸಾಕ್ಷಿ ಎಂದರು. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಅಪ್ಪ ಎದ್ದು ನಿಂತು, ಹೋಗ್ಲಿ ಬಾ ಮಗ, ಎಂದರು. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಮನೆಯನ್ನು ವಹಿಸಿಕೊಂಡಾಗ ಇದ್ದ ಹಾಗೆ ಒಪ್ಪಿಸಬೇಕು, ಆದರೆ ಸಹಜ ಸವೆತ ಬಾಡಿಗೆದಾರನ ತಲೆಗೆ ಬರುವುದಿಲ್ಲ ಅನ್ನುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಮೂರು ವರ್ಷ ಜನ ವಾಸವಿದ್ದ ಗೋಡೆ ಮಾಸುವುದು ಸಹಜ ಸವೆತ. ಕಿಟಕಿಯ ಗಾಜು ಒಡೆದರೆ ಅದು ಬೇರೆ. ಹಾಗೆಂದು, ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಎಂದು ಪತ್ರದಲ್ಲಿ ಬರೆದು ನೀವು ಸಹಿ ಹಾಕಿದ್ದರೆ ಅದನ್ನು ಕೊಡಬೇಕಾಗುತ್ತದೆ. ಆದ್ದರಿಂದ ಆ ಸಾಲನ್ನು ಮೊದಲ ದಿನವೇ ಓದಿ. ಮನೆಗೆ ಕಾಲಿಟ್ಟ ದಿನವೇ ಗೋಡೆ, ನಲ್ಲಿ, ಸ್ವಿಚ್ಚು, ಕರೆಂಟ್ ಮೀಟರಿನ ಅಂಕಿ, ಎಲ್ಲದರ ಫೋಟೊ ತೆಗೆದು ಮಾಲೀಕರಿಗೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಡಿ. ಜಗಳಕ್ಕೆಂದು ಅಲ್ಲ, ಇಬ್ಬರಿಗೂ ನೆನಪಿರಲಿ ಎಂದು.

ಮಾತಿಗೆ ಮಾತು ಬೆಳೆದು ಹುಡುಗರ ಟ್ರಂಕು, ಹಾಸಿಗೆ ಹೊರಗಿಟ್ಟು ಬೀಗ ಜಡಿದ ಪ್ರಸಂಗಗಳೂ ಉಂಟು. ಬಾಡಿಗೆ ಬಾಕಿ ಇದ್ದರೂ ಹಾಗೆ ಮಾಡುವಂತಿಲ್ಲ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಹದಿನೆಂಟರ ಹುಡುಗ ಕೋರ್ಟು ಹತ್ತುವುದಿಲ್ಲ, ಅದು ನನಗೂ ಗೊತ್ತು. ಆದರೆ ಹೀಗೊಂದು ಕಲಮು ಇದೆ ಎಂದು ಶಾಂತವಾಗಿ ಹೇಳಬಲ್ಲ ಊರಿನ ಹಿರಿಯರೊಬ್ಬರು ಜೊತೆಗೆ ಹೋದರೆ ಎಷ್ಟೋ ಬೀಗಗಳು ಅಲ್ಲೇ ತೆರೆಯುತ್ತವೆ.

ಕರೆಂಟಿನ ವಿಷಯದಲ್ಲೂ ಮೋಸ ಹೋಗುವವರಿದ್ದಾರೆ. 2023ರ ಜುಲೈನಿಂದ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಹಿಂದಿನ ಬಳಕೆಯ ಸರಾಸರಿಗೆ ಶೇ 10 ಸೇರಿಸಿದಷ್ಟು, ಗರಿಷ್ಠ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಮನೆಗೆ ಬೇರೆ ಮೀಟರು, ಬೇರೆ ಆರ್‌ಆರ್ ನಂಬರ್ ಇದೆಯೇ ಎಂದು ಮೊದಲೇ ಕೇಳಿ. ಮೂರು ಮನೆಗೆ ಒಂದೇ ಮೀಟರು ಹಾಕಿ ಒಳಗೆ ಸಬ್ ಮೀಟರು ಇಟ್ಟಿದ್ದರೆ ಒಟ್ಟು ಬಳಕೆ 200 ದಾಟಿ ಯಾರಿಗೂ ಲಾಭವಾಗುವುದಿಲ್ಲ. ಬಿಲ್ಲು ಸೊನ್ನೆ ಬಂದರೂ ಕರೆಂಟಿನ ದುಡ್ಡು ಎಂದು ತಿಂಗಳಾ ಪಡೆಯುವವರಿದ್ದಾರೆ. ಬಿಲ್ಲು ತೋರಿಸಿ ಎಂದು ಕೇಳುವುದಕ್ಕೆ ನಾಚಿಕೆ ಬೇಡ. ಮನೆ ಬಿಡುವಾಗ ಆ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ತೆಗೆಸುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಪೇಚಾಟ.

ಅಡ್ವಾನ್ಸಿನ ಹೊರೆ ತಾಳದವರು ಪೀಜಿಗೆ ಹೋಗುತ್ತಾರೆ. ಒಂದೆರಡು ತಿಂಗಳ ದುಡ್ಡು ಕಟ್ಟಿದರೆ ಹಾಸಿಗೆ, ಊಟ ಸಿಗುತ್ತದೆ. ಆದರೆ ಪೀಜಿಯಲ್ಲಿ ಇರುವವನು ಸಾಮಾನ್ಯವಾಗಿ ಬಾಡಿಗೆದಾರನಲ್ಲ, ಕಾನೂನಿನ ಭಾಷೆಯಲ್ಲಿ ಅವನಿಗೆ ಇರುವುದು ಉಳಿದುಕೊಳ್ಳುವ ಪರವಾನಗಿ ಮಾತ್ರ. ಮನೆ ಹಿಡಿದವನಿಗೆ ಸಿಗುವ ಹದಿನೈದು ದಿನದ ನೋಟಿಸಿನ ರಕ್ಷಣೆ ಅವನಿಗೆ ಗಟ್ಟಿಯಾಗಿ ಸಿಗುವುದಿಲ್ಲ. ಬೆಂಗಳೂರು ಪಾಲಿಕೆ 2024ರಲ್ಲಿ ಪೀಜಿಗಳಿಗೆ ಹೊರಡಿಸಿದ ನಿಯಮದಲ್ಲಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕು ಎಂದಿದೆ. ಒಮ್ಮೆ ಅಳತೆ ಟೇಪು ಹಿಡಿದು ನೋಡಿ. ಹತ್ತಡಿ, ಹನ್ನೆರಡಡಿಯ ಕೋಣೆ ಅಂದರೆ 120 ಚದರ ಅಡಿ, ಎರಡು ಮಂಚಕ್ಕೂ ಸಾಲದು. ಅಂಥ ಕೋಣೆಯಲ್ಲಿ ನಾಲ್ಕು ಮಂಚ ಹಾಕಿರುವುದನ್ನು ನೋಡಿದ್ದೇನೆ. ಎರಡು ಮಂಚಗಳ ನಡುವೆ ಒಬ್ಬರು ಅಡ್ಡಡ್ಡವಾಗಿ ನಡೆದರೆ ಮಾತ್ರ ಹೋಗುವಷ್ಟು ಸಂದು, ಓದುವ ಮೇಜು ಇಡಲು ಗೋಡೆಯೇ ಉಳಿದಿಲ್ಲ, ಹುಡುಗನೊಬ್ಬ ಮಂಚದ ಮೇಲೆ ದಿಂಬು ಮಡಿಚಿಟ್ಟು ಅದರ ಮೇಲೆ ಗಣಿತದ ಪುಸ್ತಕ ಬಿಡಿಸಿದ್ದ. ಪೀಜಿಯವರು ಜಿಎಸ್‌ಟಿ ಎಂದು ಬಿಲ್ಲಿಗೆ ಸೇರಿಸಿದರೆ ಇದು ನೆನಪಿರಲಿ: ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿ ಒಳಗಿದ್ದು, ಸತತ 90 ದಿನವಾದರೂ ಇರುವುದಾದರೆ ವಸತಿಯ ಮೇಲೆ ತೆರಿಗೆ ಇಲ್ಲ. 2024ರ ಜೂನ್ 22ರ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ಆದ ತೀರ್ಮಾನ ಇದು.

ಇಷ್ಟೆಲ್ಲ ಲೆಕ್ಕ ಹಾಕಿ ಹೋದರೂ ಗೇಟಿನ ಬಳಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ನೀವು ಯಾವ ಜನ? ಕೆಲವರು ನೇರವಾಗಿ ಕೇಳುತ್ತಾರೆ, ಕೆಲವರು ಮಾಂಸ ಮಾಡ್ತೀರಾ ಎಂದು ಸುತ್ತಿ ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಮನೆ ಈಗಾಗಲೇ ಬೇರೆಯವರಿಗೆ ಮಾತಾಗಿದೆ ಅನ್ನುತ್ತಾರೆ. ಮಾರನೇ ವಾರವೂ ಬೋರ್ಡು ಅಲ್ಲೇ ತೂಗುತ್ತಿರುತ್ತದೆ. ದಲಿತರ, ಮುಸ್ಲಿಮರ ಮಕ್ಕಳು ಮೂರು ಬೀದಿ ಸುತ್ತಿದರೆ ಉಳಿದವರಿಗೆ ಅದೇ ಮನೆ ಮೂರು ನಿಮಿಷದಲ್ಲಿ ಸಿಗುತ್ತದೆ. ಇದು ನನಗೆ ತೀರಾ ನೋವಿನ ಸಂಗತಿ. ಹಳ್ಳಿಯ ಮಕ್ಕಳು ಬೆಂಗಳೂರಿಗೆ ಓದಲು ಬರತೊಡಗಿದ ಕಾಲದಲ್ಲಿ ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದುವ ದಾರಿ ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ. ಅದಕ್ಕಾಗಿಯೇ 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ವಿದ್ಯಾರ್ಥಿನಿಲಯ ಕಟ್ಟಿದವು, ಆರ್. ಗೋಪಾಲಸ್ವಾಮಿ ಅಯ್ಯರ್ ಅಂಥವರು ದಲಿತ ಮಕ್ಕಳಿಗೆಂದು ಹಾಸ್ಟೆಲು ನಡೆಸಿದರು, ಸಿದ್ಧಗಂಗೆಯ ಮಠ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ನೆಲೆ ಕೊಟ್ಟಿತು. ಆಮೇಲೆ ಸಮಾಜ ಕಲ್ಯಾಣ ಇಲಾಖೆಯ, ಬಿಸಿಎಂ ಇಲಾಖೆಯ ಹಾಸ್ಟೆಲುಗಳು ಬಂದವು. ಗೇಟಿನ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲದ ಜಾಗ ಹಳ್ಳಿಯ ಬಡ ವಿದ್ಯಾರ್ಥಿಗೆ ಇವತ್ತಿಗೂ ಅವೇ.

ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ ಎಂದು 2013-14ರಲ್ಲಿ ವಿದ್ಯಾಸಿರಿ ಎಂಬ ನೆರವಿನ ಯೋಜನೆ ಶುರುವಾಯಿತು. ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಮೇಲಿನ ಲೆಕ್ಕದ ಮೂವರ ಮನೆಯಲ್ಲಿ ಒಬ್ಬನ ಪಾಲಿನ ಬಾಡಿಗೆ, ಬಡ್ಡಿ, ಖರ್ಚು ಸೇರಿ ತಿಂಗಳಿಗೆ 2,500 ದಾಟುತ್ತದೆ, ಊಟ ಬೇರೆ. ಇಲ್ಲಿ ದುಡ್ಡಿನಷ್ಟೇ ದೊಡ್ಡ ತೊಡಕು ಸಮಯದ್ದು. ಕಾಲೇಜಿನ ಅಡ್ಮಿಷನ್ ಮೊದಲು ಆಗುತ್ತದೆ, ಕ್ಲಾಸು ಶುರುವಾಗುತ್ತದೆ, ಹಾಸ್ಟೆಲಿನ ಆಯ್ಕೆ ಪಟ್ಟಿ ಬರುವುದು ಅದಾದ ಮೇಲೆ. ಅಷ್ಟರಲ್ಲಿ ಅಪ್ಪ ಗೂಡಿನ ದುಡ್ಡನ್ನು ಅಡ್ವಾನ್ಸಾಗಿ ಕೊಟ್ಟಾಗಿರುತ್ತದೆ. ಪಟ್ಟಿಯಲ್ಲಿ ಹೆಸರು ಬಂದರೂ, ಹನ್ನೊಂದು ತಿಂಗಳ ಒಳಗೆ ಬಿಟ್ಟರೆ ಅಡ್ವಾನ್ಸಿನಲ್ಲಿ ಮುರಿಯುತ್ತೇವೆ ಎಂಬ ಸಾಲಿಗೆ ಹೆದರಿ ಹಾಸ್ಟೆಲ್ ಸೀಟು ಬಿಟ್ಟುಕೊಟ್ಟವರನ್ನು ನಾನು ಬಲ್ಲೆ. ಅಡ್ಮಿಷನ್ನಿನ ಜೊತೆಗೇ ಹಾಸ್ಟೆಲ್ ಪಟ್ಟಿ ಹೊರಡಿಸುವುದು ಇಲಾಖೆಗಳಿಗೆ ಆಗದ ಕೆಲಸವಲ್ಲ, ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ. ಅಲ್ಲಿಯವರೆಗೆ, ಹಾಸ್ಟೆಲಿಗೆ ಅರ್ಜಿ ಹಾಕಿದ ಮಗನಿಗೆ ರೂಮು ಹಿಡಿಯಲು ಹೋಗುವ ತಂದೆತಾಯಿ ಕರಾರು ಪತ್ರದಲ್ಲಿ ಇಷ್ಟು ಬರೆಸಿಕೊಳ್ಳಿ: “ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಾನ ದೊರೆತಲ್ಲಿ ಒಂದು ತಿಂಗಳ ಮುಂಚೆ ತಿಳಿಸಿ ಮನೆ ಬಿಟ್ಟುಕೊಡುತ್ತೇವೆ, ಆ ದಿನವೇ ಪೂರ್ತಿ ಅಡ್ವಾನ್ಸ್ ಹಿಂದಿರುಗಿಸತಕ್ಕದ್ದು.” ಇದನ್ನು ಓದಿ ಹೇಳಿದಾಗ ಒಪ್ಪಿಕೊಂಡು ಸಹಿ ಹಾಕಿದ ಮಾಲೀಕರು ಕನಕಪುರದಲ್ಲೇ ಇದ್ದಾರೆ.